ಬಿಡೋದು ತೀರ್ಮಾನ, ಯಾವತ್ತು ಅನ್ನೋದು ಲೆಕ್ಕ

1/8

"ಲಕ್ಷ ಸಂಬಳದ ಕೆಲಸ ಬಿಟ್ಟು ಊರಿಗೆ ಬಂದ ಟೆಕ್ಕಿ, ಈಗ ಡ್ರ್ಯಾಗನ್ ಹಣ್ಣು ಬೆಳೆದು ಕೋಟ್ಯಧಿಪತಿ!"

ಈ ಥರದ ತಲೆಬರಹ ಎಷ್ಟು ಸಲ ಓದಿದೀರಿ? ಹಣ್ಣು ಬದಲಾಗತ್ತೆ ಅಷ್ಟೆ. ಒಂದ್ಸಲ ಡ್ರ್ಯಾಗನ್, ಒಂದ್ಸಲ ಬೆಣ್ಣೆಹಣ್ಣು, ಒಂದ್ಸಲ ನಾಟಿ ಕೋಳಿ. (ಕೋಳಿ ಹಣ್ಣಲ್ಲ ಅಂತ ಕಾಮೆಂಟ್ ಹಾಕ್ಬೇಡಿ, ಗೊತ್ತು.)

ನಾನು ಇಂಥ ಸುದ್ದೀನ ಕೊನೇ ಪ್ಯಾರಾದಿಂದ ಓದ್ತೀನಿ. ಅಸಲು ವಿಷಯ ಅಲ್ಲಿರತ್ತೆ. ಅಪ್ಪನ ಹೆಸರಲ್ಲಿ ಎಂಟು ಎಕರೆ ಜಮೀನು, ಬೋರ್‌ವೆಲ್‌ನಲ್ಲಿ ನೀರು, ಹೆಂಡ್ತಿಗೆ ಬೆಂಗಳೂರಲ್ಲಿ ಇನ್ನೂ ಕೆಲಸ, ಮನೆ ಸಾಲ ತೀರಿ ಎರಡು ವರ್ಷ. ಆ ಮನುಷ್ಯನ ದುಡಿಮೆ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಆದ್ರೆ ತಲೆಬರಹ ಮಾತ್ರ ಓದಿ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿರೋ ಒಬ್ಬ ಹುಡುಗ ತನಗೆ ಧೈರ್ಯ ಇಲ್ಲ ಅಂತ ತೀರ್ಮಾನ ಮಾಡ್ಕೊಂಡ್ಬಿಡ್ತಾನೆ. ಅವನಿಗೆ ಇಲ್ದೆ ಇರೋದು ಧೈರ್ಯ ಅಲ್ಲ, ಎಂಟು ಎಕರೆ.

ಇನ್ನೊಂದು ಕಡೆ ಮನೆಯವರು. "ಎಸಿ ರೂಮಲ್ಲಿ ಕೂತು ಮಾಡೋ ಕೆಲಸ, ಒಂದನೇ ತಾರೀಖು ಸಂಬಳ, ಅದಕ್ಕೇನು ಬೇಜಾರು ನಿನಗೆ?" ಹಾಗೆ ಕೇಳಿದ್ರೆ ಉತ್ತರ ಕೊಡೋಕಾಗಲ್ಲ. ಬೇಜಾರಿಗೆ ಮೆಡಿಕಲ್ ಸರ್ಟಿಫಿಕೇಟ್ ಇಲ್ವಲ್ಲ.

ಹೀಗೆ ಒಬ್ಬರು ಬಿಟ್ಟವನನ್ನ ವೀರ ಮಾಡ್ತಾರೆ, ಇನ್ನೊಬ್ಬರು ಬಿಡಬೇಕು ಅನ್ನೋವನನ್ನ ಸೊಕ್ಕಿನವನು ಮಾಡ್ತಾರೆ. ಎರಡರ ನಡುವೆ ಇರೋ ನಮ್ಮಂಥವರ ಬಗ್ಗೆ ಯಾರೂ ಬರೆಯಲ್ಲ. ನನ್ನ ಅಭಿಪ್ರಾಯ ಇಷ್ಟೆ: ಬಿಡಬೇಕಾ ಅನ್ನೋದು ಒಂದು ಪ್ರಶ್ನೆ, ಯಾವತ್ತು ಬಿಡಬೇಕು ಅನ್ನೋದು ಬೇರೇನೇ ಪ್ರಶ್ನೆ. ಎರಡನ್ನೂ ಒಟ್ಟಿಗೆ ಕೇಳ್ಕೊಂಡ್ರೆ ಎರಡಕ್ಕೂ ಉತ್ತರ ಸಿಗಲ್ಲ. ಈ ವಾರ ಅದರ ಬಗ್ಗೆನೇ ಎಂಟು ಪೋಸ್ಟ್.

2/8

ಫೋಟೋದಲ್ಲಿರೋದು ನನ್ನ ಐಡಿ ಕಾರ್ಡ್. ಕಂಪನಿ ಹೆಸರಿನ ಮೇಲೆ ಹೆಬ್ಬೆರಳು ಇಟ್ಟಿದೀನಿ, ಜೂಮ್ ಮಾಡಿ ಪ್ರಯೋಜನ ಇಲ್ಲ.

ಹನ್ನೊಂದು ವರ್ಷದಿಂದ ನಾನು ಬಿಲ್ಲು ತಾಳೆ ನೋಡ್ತಾ ಇದೀನಿ. ಎಡಗಡೆ ಸ್ಕ್ರೀನ್‌ನಲ್ಲಿ ಇನ್‌ವಾಯ್ಸ್. ಬಲಗಡೆ ಆರ್ಡರ್ ಕಾಪಿ, ಸರಕು ಬಂತು ಅನ್ನೋ ರಸೀದಿ. ಮೂರರಲ್ಲೂ ಸಂಖ್ಯೆ, ದರ, ತೆರಿಗೆ ಹೊಂದಿಕೆಯಾದ್ರೆ ಪೋಸ್ಟ್, ಇಲ್ಲಾಂದ್ರೆ ಹೋಲ್ಡ್. ದಿನಕ್ಕೆ ನೂರಿಪ್ಪತ್ತು, ತಿಂಗಳ ಕೊನೇಲಿ ನೂರೈವತ್ತು. ಯಾವುದೋ ದೇಶದ ಯಾವುದೋ ಗೋಡೌನ್‌ಗೆ ಯಾರೋ ಕಳಿಸಿದ ರಟ್ಟಿನ ಡಬ್ಬಗಳ ಬಿಲ್ಲು. ಇಷ್ಟು ವರ್ಷದಲ್ಲಿ ನಾನು ಅದರಲ್ಲಿ ಒಂದು ಡಬ್ಬಾನೂ ಕಣ್ಣಲ್ಲಿ ನೋಡಿಲ್ಲ.

ಬೇಜಾರು ಅನ್ನೋದು ಒಂದೇ ಪದ, ಆದ್ರೆ ಒಳಗೆ ನಾಲ್ಕೈದು ಸಾಮಾನು ಇರತ್ತೆ. ಕೆಲಸ ಬೇಜಾರಾ? ಅಥವಾ ಕೆಲಸಕ್ಕೆ ಹೋಗೋ ದಾರಿನಾ? ಮೇಲಿನವರಾ? ಸಂಬಳನಾ? ಅಥವಾ ಜೊತೆಗೆ ಓದಿದವಳು ಈಗ ಜರ್ಮನಿಯಲ್ಲಿರೋದಾ? ನನಗೆ ಬರೋ ಡಿಎಂಗಳಲ್ಲಿ ಅರ್ಧಕ್ಕರ್ಧ "ಜಾಬ್ ಸಾಕಾಗಿದೆ" ಅಂತ ಶುರುವಾಗಿ, ಕೊನೆಗೆ ಹೊರವರ್ತುಲ ರಸ್ತೆಯ ಕಥೆ ಆಗತ್ತೆ. ಅಂಥವರು ರಾಜೀನಾಮೆಗಿಂತ ಮೊದಲು ಮನೆ ಬದಲಾಯಿಸಬೇಕು. ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ನನ್ನ ಪಕ್ಕದ ಸೀಟಿನವಳಿಗೆ ತನ್ನ ಕೆಲಸದ ಮೇಲಿದ್ದ ಸಿಟ್ಟಲ್ಲಿ ಮುಕ್ಕಾಲು ಭಾಗ ಇಳಿದುಹೋಯ್ತು. ಕೆಲಸ ಅದೇ, ಮೇಲಿನವರು ಅವರೇ.

ನನಗೆ ಇದು 2020ರಲ್ಲೇ ಗೊತ್ತಾಯ್ತು. ಮನೆಯಿಂದ ಕೆಲಸ, ದಾರಿ ಇಲ್ಲ, ಮೇಲಿನವರ ಮುಖ ಇಲ್ಲ, ಮಧ್ಯಾಹ್ನ ಬಿಸಿ ಮುದ್ದೆ. ಆದ್ರೂ ನಾಲ್ಕು ಗಂಟೆ ಹೊತ್ತಿಗೆ ಅದೇ ಖಾಲಿತನ. ಅಂದ್ರೆ ನನ್ನದು ರಸ್ತೆಯ ಕಾಯಿಲೆ ಆಗಿರಲಿಲ್ಲ.

3/8

ನಮ್ಮ ದೊಡ್ಡಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿಗಿಂತ ಸಣ್ಣ ಭಾಗಗಳನ್ನ ಚಿಮಟದಲ್ಲಿ ಕೂರಿಸೋ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ್ರು. ಅವರಿಗೆ ಆ ಕೆಲಸದಲ್ಲಿ ತೃಪ್ತಿ ಇದೆಯಾ ಅಂತ ಯಾರೂ ಕೇಳಲಿಲ್ಲ, ಅವರೂ ಕೇಳ್ಕೊಳ್ಳಲಿಲ್ಲ. "ನೋಡು, ಆಗಿನವರು ಹೀಗೆ ಗೊಣಗ್ತಿರಲಿಲ್ಲ" ಅಂತ ಮನೇಲಿ ನನಗೆ ಅವರ ಉದಾಹರಣೆ ಕೊಡ್ತಾರೆ.

ಉದಾಹರಣೆ ಸರಿ. ಅದರಿಂದ ತೆಗೆಯೋ ಅರ್ಥ ತಪ್ಪು.

ದೊಡ್ಡಪ್ಪ ಸಂಜೆ ಕಾರ್ಖಾನೆ ಬಸ್ಸಿಳಿದ್ರೆ ಮುಗೀತು, ಕಾರ್ಖಾನೆ ಅವರ ಹಿಂದೆ ಮನೆಗೆ ಬರ್ತಿರಲಿಲ್ಲ. ಕಾಫಿ ಕುಡಿದು ಪಂಚೆ ಉಟ್ಕೊಂಡು ನಾಟಕದ ಪ್ರಾಕ್ಟೀಸಿಗೆ ಹೊರಡೋರು. ನಮ್ಮ ಕಡೆ 'ಕುರುಕ್ಷೇತ್ರ' ಆಡದ ಊರಿಲ್ಲ. ಹಾರ್ಮೋನಿಯಂ ಮೇಷ್ಟ್ರು ಬಂದ್ರೆ ರಾತ್ರಿ ಹನ್ನೊಂದರವರೆಗೂ ಕಂದ ಪದ್ಯ. ದೊಡ್ಡಪ್ಪಂದು ಶಕುನಿ ಪಾತ್ರ. ಸುತ್ತಮುತ್ತಲ ಹತ್ತು ಹಳ್ಳೀಲಿ ಅವರನ್ನ ಗುರುತು ಹಿಡಿಯೋರು ಶಕುನಿ ಅಂತಲೇ ಹೊರತು ವಾಚಿನವರು ಅಂತಲ್ಲ. ನಮ್ಮ ಅತ್ತೆ ಮಕ್ಕಳಿಗೆ ಅವರು ಸಂಬಂಧದಲ್ಲೂ ಮಾವನೇ, ಹಾಗಾಗಿ "ಶಕುನಿ ಮಾವ" ಅನ್ನೋದು ಕೊನೇವರೆಗೂ ಉಳೀತು.

ಅವರು ಕೆಲಸದ ಹತ್ರ ಸಂಬಳ ಕೇಳಿದ್ರು, ಕೆಲಸ ಕೊಟ್ತು. ಅರ್ಥವನ್ನ ಬೇರೆ ಕಡೆಯಿಂದ ತಂದ್ಕೊಂಡ್ರು, ಯಾಕಂದ್ರೆ ತಂದ್ಕೊಳ್ಳೋಕೆ ಸಂಜೆ ಇತ್ತು.

ನಮ್ಮ ಕೆಲಸ ಸಂಜೇನೂ ತಗೊಂಡಿದೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದಾಗ ದೇಶವೆಲ್ಲ ಚರ್ಚೆ ಆಯ್ತು. ಭಾನುವಾರ ಬಿಟ್ಟು ಭಾಗಿಸಿ ನೋಡಿ: ದಿನಕ್ಕೆ 11 ಗಂಟೆ 40 ನಿಮಿಷ. ಹೋಗಿ ಬರೋ ದಾರಿ ಸೇರಿಸಿ. ಅದರಲ್ಲಿ ಶಕುನಿ ಎಲ್ಲಿಂದ ಬರ್ತಾನೆ? ಸಂಜೆ ಇಲ್ಲದವನು ಹಗಲಿನ ಹತ್ರಾನೇ ಎಲ್ಲಾ ಕೇಳ್ತಾನೆ. ಅನ್ನ, ಮರ್ಯಾದೆ, ಖುಷಿ, ಬದುಕಿದ್ದಕ್ಕೆ ಒಂದು ಕಾರಣ. ಬಿಲ್ಲು ತಾಳೆ ನೋಡೋ ಕೆಲಸ ಪಾಪ ಇಷ್ಟೆಲ್ಲ ಎಲ್ಲಿಂದ ಕೊಡತ್ತೆ?

ಆದ್ದರಿಂದ ಬಿಡೋ ಯೋಚನೆಗೆ ಮುಂಚೆ ನಾನು ಮಾಡಿದ ಮೊದಲ ಕೆಲಸ: ಏಳು ಗಂಟೆ ಮೇಲೆ ಆಫೀಸ್ ಮೇಲ್ ತೆಗೆಯೋದು ನಿಲ್ಲಿಸಿದೆ. ಮೊದಲ ತಿಂಗಳು ಗುರ್ರ್ ಅಂದ್ರು. ಆಮೇಲೆ ಸುಮ್ಮನಾದ್ರು. ಎಲ್ಲರಿಗೂ ಹೀಗೇ ಆಗತ್ತೆ ಅಂತ ಹೇಳಲ್ಲ. ಹೊಸದಾಗಿ ಸೇರಿದವರಿಗೆ ಇದು ಕಷ್ಟ.

4/8

ಒಂದು ವಿಷಯ ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಹಿಂದಿನ ಪೋಸ್ಟಿಗೆ ಒಬ್ಬರು "ಹಾಗಾದ್ರೆ ಎಲ್ಲಾ ಸಹಿಸ್ಕೋಬೇಕಾ ಅಕ್ಕಾ?" ಅಂತ ಕೇಳಿದ್ರು.

ಬೇಜಾರಿನ ಕೆಲಸ ಬೇರೆ, ಕುಗ್ಗಿಸೋ ಕೆಲಸ ಬೇರೆ.

ಬೇಜಾರಿನ ಕೆಲಸ ಮುಗಿಸಿ ಮನೆಗೆ ಬಂದ್ರೆ ಸುಸ್ತಾಗಿರತ್ತೆ, ಆದ್ರೆ ನೀವು ನೀವೇ ಆಗಿರ್ತೀರಿ. ಸಾರಿಗೆ ಒಗ್ಗರಣೆ ಹಾಕ್ತಾ ಹಾಡು ಹೇಳ್ಕೋತೀರಿ. ಕುಗ್ಗಿಸೋ ಕೆಲಸದಿಂದ ಬಂದವರು ಬಾಗಿಲಲ್ಲೇ ಮಗು ಮೇಲೆ ರೇಗ್ತಾರೆ. ಅಮ್ಮನ ಫೋನ್ ಬಂದ್ರೆ ಎತ್ತೋಕೆ ಮನಸ್ಸಾಗಲ್ಲ. ಭಾನುವಾರ ಮಧ್ಯಾಹ್ನ ಊಟ ಆದ ತಕ್ಷಣ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗೆ. ನಾಲ್ಕು ಜನರ ಎದುರು ಬೈಸ್ಕೊಂಡು, ಬೈದದ್ದು ಸರಿನೇ ಇರಬೇಕು ಅಂತ ನಂಬೋಕೆ ಶುರು ಮಾಡಿರ್ತಾರೆ. ಇದು ಆದಾಗ ಲೆಕ್ಕಾಚಾರ ಎರಡನೇ ಮಾತು. ನಷ್ಟ ಆದ್ರೂ ಹೊರಗೆ ಬನ್ನಿ. ಸಾಲ ತೀರಿಸೋಕೆ ವರ್ಷಗಳು ಸಿಗ್ತವೆ.

ಯಾರಾದ್ರೂ ಮೈಮೇಲೆ ಕೈ ಹಾಕೋದು, ಅಸಹ್ಯ ಮಾತಾಡೋದು ಮಾಡಿದ್ರೆ ಅದು ಬಿಡೋ ಬಿಡದ ಪ್ರಶ್ನೆಯೇ ಅಲ್ಲ, ದೂರಿನ ಪ್ರಶ್ನೆ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ನಿದ್ದೆ ಹೋಗಿದ್ರೆ, ಬದುಕೇ ಬೇಡ ಅನ್ಸಿದ್ರೆ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಕನ್ನಡದಲ್ಲಿ ಮಾತಾಡ್ಬಹುದು, ದುಡ್ಡಿಲ್ಲ.

ನನ್ನದು ಮೊದಲನೇ ಜಾತಿ. ಬೇಜಾರು. ಇನ್ಮೇಲೆ ಬರೆಯೋದೆಲ್ಲ ನನ್ನಂಥವರಿಗೆ.

5/8

ಆಫೀಸಿನ ಪ್ಯಾಂಟ್ರಿ ಗೋಡೆ. ಪ್ರತಿ ನವೆಂಬರ್ ಒಂದಕ್ಕೆ ಎಚ್‌ಆರ್‌ನವರು ಇಲ್ಲಿ ಹಳದಿ ಕೆಂಪು ಪೋಸ್ಟರ್ ಅಂಟಿಸ್ತಾರೆ, ಕಾಯಕದ ಬಗ್ಗೆ ಎಲ್ಲರಿಗೂ ಗೊತ್ತಿರೋ ಆ ಎರಡು ಪದದ ಮಾತು. ಉದ್ದೇಶ ಏನಂದ್ರೆ, ಸುಮ್ನೆ ಕೆಲಸ ಮಾಡಿ.

ಶರಣರನ್ನ ಹೀಗೆ ಸೂಪರ್‌ವೈಸರ್ ಮಾಡೋದು ನೋಡಿದ್ರೆ ನಗು ಬರತ್ತೆ. ಆಯ್ದಕ್ಕಿ ಮಾರಯ್ಯನ ಕಥೆ ನೆನಪು ಮಾಡ್ಕೊಳ್ಳಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಅವನ ಕಾಯಕ. ಒಂದಿನ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಶಭಾಷ್ ಅನ್ನಲಿಲ್ಲ. ನಮಗೆ ಬೇಕಾದ್ದಕ್ಕಿಂತ ಹೆಚ್ಚು ಯಾಕೆ ತಂದೆ, ವಾಪಸ್ ಸುರಿದು ಬಾ ಅಂದಳು. ಆ ಕಥೆಯ ಕಾಯಕದಲ್ಲಿ "ಇಷ್ಟು ಸಾಕು" ಅನ್ನೋದೂ ಇತ್ತು. ಪೋಸ್ಟರ್‌ನಲ್ಲಿ ಅದನ್ನ ಯಾರೂ ಪ್ರಿಂಟ್ ಮಾಡಿಸಲ್ಲ. ಲಕ್ಕಮ್ಮನಂಥವರು ಎಚ್‌ಆರ್ ಆಗಿದ್ರೆ ಓವರ್‌ಟೈಮ್ ಮಾಡಿದವರಿಗೆ ಮೆಮೋ ಬರ್ತಿತ್ತು.

ಇನ್ನು "ಪ್ಯಾಷನ್ ಇದ್ದೋರು ಕೆಲಸ ಬಿಡಲೇಬೇಕು" ಅನ್ನೋರಿಗೆ. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಬಂದದ್ದು 1942ರಲ್ಲಿ, ಹೊಟ್ಟೆಪಾಡಿಗೆ ಅವರು ಮಾಡ್ತಿದ್ದದ್ದು ಸರ್ಕಾರಿ ಗುಮಾಸ್ತೆಯ ಕೆಲಸ. ಜಯಂತ ಕಾಯ್ಕಿಣಿ ಮುಂಬೈನಲ್ಲಿ ಔಷಧ ಕಂಪನಿಯ ಕೆಮಿಸ್ಟ್ ಆಗಿದ್ದುಕೊಂಡೇ ಕತೆ ಬರೆದವರು. ಮಾಸ್ತಿಯವರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಸಣ್ಣಕತೆಗಳನ್ನ ಅಧಿಕಾರಿಯಾಗಿದ್ದಾಗಲೇ ಬರೆದರು. 1943ರಲ್ಲಿ ತಮಗೆ ಬರಬೇಕಾದ ಸ್ಥಾನ ಕಿರಿಯರಿಗೆ ಹೋದಾಗ ರಾಜೀನಾಮೆ ಕೊಟ್ಟು ಎದ್ದು ಬಂದರು. 'ಚಿಕವೀರ ರಾಜೇಂದ್ರ' ಬಂದದ್ದು ಆಮೇಲೆ, 1956ರಲ್ಲಿ. ಇದ್ದಾಗಲೂ ಬರೆದರು, ಬಿಟ್ಟ ಮೇಲೂ ಬರೆದರು. ಬಿಟ್ಟದ್ದು ಬೇಜಾರಿಗಲ್ಲ, ಮರ್ಯಾದೆಗೆ. ನಾನು ನಿನ್ನೆ ಹೇಳಿದ ವ್ಯತ್ಯಾಸ ಇದೇ.

ನಮ್ಮಲ್ಲಿ ಯಾರೂ ಮಾಸ್ತಿ ಅಲ್ಲ, ಬಿಡಿ. ಆದ್ರೆ ಸಂಬಳಕ್ಕೆ ಒಂದು ಕೆಲಸ, ಮನಸ್ಸಿಗೆ ಒಂದು ಕೆಲಸ ಇಟ್ಕೊಂಡವನನ್ನ ಹೇಡಿ ಅನ್ನೋ ಹಕ್ಕು ಯಾವ ರೀಲ್‌ಗೂ ಇಲ್ಲ.

6/8

ಈ ಫೋಟೋ ತಿಪಟೂರಿನದ್ದು. ಸೋದರಮಾವನ ಹಾರ್ಡ್‌ವೇರ್ ಅಂಗಡಿ. ಎಡಗಡೆ ಮೂಲೆಯಲ್ಲಿ ಪಿವಿಸಿ ಪೈಪ್ ಪಕ್ಕ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರೋಳು ನಾನು.

ಒಂದೂವರೆ ವರ್ಷದಿಂದ ತಿಂಗಳಿಗೆ ಎರಡು ಭಾನುವಾರ ಇಲ್ಲಿಗೆ ಬಂದು ಮಾವನ ಲೆಕ್ಕ ನೋಡ್ತೀನಿ. ಮಾವ ಅಲ್ವಾ, ದುಡ್ಡಿಲ್ಲ. ಊಟ ಇದೆ, ಹೊರಡುವಾಗ ಚೀಲದ ತುಂಬ ತೆಂಗಿನಕಾಯಿ ಇದೆ. (ದುಡ್ಡು ತಗೊಂಡು ಹೊರಗಡೆ ಕೆಲಸ ಮಾಡೋರು ಮೊದಲು ನಿಮ್ಮ ಆಫರ್ ಲೆಟರ್ ಓದಿ. ತುಂಬಾ ಕಂಪನಿಗಳು ಅದಕ್ಕೆ ಒಪ್ಪಲ್ಲ.)

ಕೆಲಸ ಏನು? ಬಿಲ್ಲು ತಾಳೆ ನೋಡೋದು! ಆರ್ಡರ್, ಸರಕು ಬಂದ ಚೀಟಿ, ಬಿಲ್ಲು. ಹನ್ನೊಂದನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಇಪ್ಪತ್ತರೊಳಗೆ 3ಬಿ. ಆಫೀಸಲ್ಲಿ ಮಾಡೋದೇ ಇಲ್ಲೂ. ಆದ್ರೆ ಮಧ್ಯಾಹ್ನ ನಾಲ್ಕು ಗಂಟೆ ಖಾಲಿತನ ಇಲ್ಲಿ ಬರಲ್ಲ. ಮೊದಲ ಸಲ ಅದು ಬರಲಿಲ್ಲ ಅಂತ ಗೊತ್ತಾದಾಗ ನನಗೇ ಆಶ್ಚರ್ಯ.

ಯೋಚನೆ ಮಾಡಿದೆ. ಇಲ್ಲಿ ಬಿಲ್ಲಿಗೆ ಮುಖ ಇದೆ. ಕಬ್ಬಿಣದ ಡೀಲರ್ ಬಿಲ್ಲನ್ನ ಪೋರ್ಟಲ್‌ಗೆ ಏರಿಸಿಲ್ಲ, ಅದರ ತೆರಿಗೆ ಮಾವನ ಕೈಗೆ ಬರ್ತಿಲ್ಲ ಅಂತ ನಾನು ತೋರಿಸಿದಾಗ ಮಾವ ಅಲ್ಲೇ ಫೋನ್ ಎತ್ತಿ ಡೀಲರ್‌ಗೆ ನಾಲ್ಕು ಮಾತು ಹೇಳಿದ್ರು. ಮುಂದಿನ ತಿಂಗಳು ಸರಿಯಾಯ್ತು. ಸಂಜೆ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯವರು ಬಂದು "ನಮ್ದೂ ಸ್ವಲ್ಪ ನೋಡ್ತೀಯೇನಮ್ಮಾ" ಅಂದ್ರು. ಅಂದ್ರೆ ನನಗೆ ಲೆಕ್ಕ ಬೇಜಾರಾಗಿರಲಿಲ್ಲ. ಯಾರ ಲೆಕ್ಕ ಅಂತ ಗೊತ್ತಿಲ್ದೆ ಹನ್ನೊಂದು ವರ್ಷ ಮಾಡಿದ್ದು ಬೇಜಾರಾಗಿತ್ತು.

ಇದು ಬೆಂಗಳೂರಲ್ಲಿ ಕೂತು ಯೋಚಿಸಿದ್ರೆ ಗೊತ್ತಾಗ್ತಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಕೆಲಸ ಬಿಡೋ ಮುಂಚೆ ಆ ಬೆಟ್ಟಾನ ಒಂದಷ್ಟು ಭಾನುವಾರ ಹತ್ತಿ ನೋಡಿ. ಕೆಫೆ ಇಡ್ತೀನಿ ಅನ್ನೋರು ಮೊದಲು ಯಾರದಾದ್ರೂ ದರ್ಶಿನಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಚಟ್ನಿ ರುಬ್ಬೋ ಹೊತ್ತಲ್ಲಿ ನಿಂತು ನೋಡಿ. ನನಗಂತೂ ಬಿಡೋ ತೀರ್ಮಾನ ಆಗಿದ್ದು ಪಿವಿಸಿ ಪೈಪ್ ಪಕ್ಕ.

7/8

ಸೇವ್ ಮಾಡ್ಕೊಳ್ಳೋ ಪೋಸ್ಟ್ ಇದು. ತೀರ್ಮಾನ ಆದ ಮೇಲೆ ತಾರೀಖು. ನನ್ನ ತಾರೀಖನ್ನ ನಿರ್ಧರಿಸಿದ್ದು ಧೈರ್ಯನೂ ಅಲ್ಲ, ಜಾತಕನೂ ಅಲ್ಲ, ಅಮ್ಮನ ಸಕ್ಕರೆ ಕಾಯಿಲೆ.

ಅಮ್ಮನಿಗೆ 66. ಸಕ್ಕರೆ, ಬಿಪಿ ಎರಡೂ ಇದೆ. ಈಗ ಆಸ್ಪತ್ರೆ ಖರ್ಚೆಲ್ಲ ನನ್ನ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ನಡೆಯತ್ತೆ. ನಮ್ಮದರಲ್ಲಿ ಹಳೇ ಕಾಯಿಲೆಗೂ ಮೊದಲ ದಿನದಿಂದ ಕವರ್. ಆದ್ರೆ ಅದು ಸಾಮಾನ್ಯವಾಗಿ ಕೆಲಸದ ಕೊನೇ ದಿನಕ್ಕೆ ನಿಲ್ಲತ್ತೆ. ನಾವೇ ಹೊಸದಾಗಿ ಪಾಲಿಸಿ ಮಾಡಿಸಿದ್ರೆ ಮೊದಲೇ ಇರೋ ಕಾಯಿಲೆಗಳಿಗೆ ಕಾಯುವ ಅವಧಿ ಇರತ್ತೆ. ಐಆರ್‌ಡಿಎಐ 2024ರಲ್ಲಿ ಅದರ ಗರಿಷ್ಠ ಮಿತಿಯನ್ನ 4 ವರ್ಷದಿಂದ 3 ವರ್ಷಕ್ಕೆ ಇಳಿಸಿದೆ. ಮೂರು ವರ್ಷಾನೂ ಸಣ್ಣದಲ್ಲ. ಅದಕ್ಕೇ 2024ರ ಆಗಸ್ಟ್‌ನಲ್ಲಿ, ಕೆಲಸ ಇರುವಾಗಲೇ, ಅಮ್ಮನ ಹೆಸರಲ್ಲಿ ಬೇರೆ ಪಾಲಿಸಿ ತಗೊಂಡೆ. ಎರಡೆರಡು ಯಾಕೆ ಅಂತ ಮನೇಲಿ ಕೇಳಿದ್ರು. ಕಾಯೋ ಗಡಿಯಾರ ಈಗಲೇ ಓಡಲಿ ಅಂತ. ನೀವು ಈ ಎಂಟರಲ್ಲಿ ಒಂದೇ ಪೋಸ್ಟ್ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸ್ಕೊಳ್ಳೋ ದಾರಿನೂ ಇದೆ, ಕೊನೇ ದಿನಕ್ಕೆ ಮುಂಚೆನೇ ಕೇಳಿ.

ಗ್ರಾಚ್ಯುಟಿ. ಕಾಯಂ ನೌಕರರಿಗೆ ಸತತ ಐದು ವರ್ಷ ಆಗಿರಬೇಕು. ಲೆಕ್ಕ ಸುಲಭ: ಕೊನೇ ತಿಂಗಳ ಬೇಸಿಕ್ ಮತ್ತು ಡಿಎ, ಗುಣಿಸು 15, ಭಾಗಿಸು 26, ಗುಣಿಸು ವರ್ಷಗಳು. ಬೇಸಿಕ್ ಮತ್ತು ಡಿಎ ಸೇರಿ 30,000 ಇದ್ದು ಐದು ವರ್ಷ ಆಗಿದ್ರೆ ಸುಮಾರು 86,500 ರೂಪಾಯಿ. ನಾಲ್ಕು ವರ್ಷ ಆರು ತಿಂಗಳಿಗೆ ಸಿಟ್ಟಲ್ಲಿ ಎದ್ದು ಹೋದ್ರೆ ಆ ಸಿಟ್ಟಿನ ಬೆಲೆ ಅಷ್ಟು.

ಪಿಎಫ್ ಬಗ್ಗೆ ಒಂದೇ ಮಾತು: ಇನ್ನೊಂದು ಕಡೆ ಸೇರೋದಾದ್ರೆ ತೆಗೀಬೇಡಿ, ಟ್ರಾನ್ಸ್‌ಫರ್ ಮಾಡಿ. ಐದು ವರ್ಷ ತುಂಬದೆ ತೆಗೆದ್ರೆ ತೆರಿಗೆ ಬೀಳತ್ತೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಟ್ರಾನ್ಸ್‌ಫರ್ ಮಾಡಿದ್ರೆ ಹಳೇ ವರ್ಷಗಳೂ ಸೇರ್ತವೆ.

8/8

ಈಗ ನನ್ನ ಲೆಕ್ಕ. ಮುಚ್ಚುಮರೆ ಇಲ್ಲ.

ಕೈಗೆ ಬರೋ ಸಂಬಳ 62,000. ನನ್ನ ಪಾಲಿನ ಮನೆ ಖರ್ಚು ತಿಂಗಳಿಗೆ 41,000, ಊರಿಗೆ ಹೋದ್ರೆ ಬಾಡಿಗೆ ಇಲ್ಲ, 24,000ಕ್ಕೆ ಇಳಿಯಬಹುದು. ತಿಪಟೂರಲ್ಲಿ ಸಣ್ಣ ಅಂಗಡಿಯವರು ಲೆಕ್ಕ ಮತ್ತು ಜಿಎಸ್‌ಟಿಗೆ ಕೊಡ್ತೀವಿ ಅಂದಿರೋದು ತಿಂಗಳಿಗೆ 1,500. ಅಂದ್ರೆ 16 ಅಂಗಡಿ ಬೇಕು. ಇಲ್ಲೀವರೆಗೆ ಬಾಯಿ ಮಾತು ಕೊಟ್ಟಿರೋದು ಏಳು. ಬಾಯಿ ಮಾತಲ್ಲಿ ಎರಡು ಬಿದ್ದುಹೋಗತ್ತೆ ಅಂತ ಹಿಡಿದ್ರೆ ಐದು. ಉಳಿದದ್ದಕ್ಕೆ ಒಂದು ವರ್ಷದ ಖರ್ಚನ್ನ ಎಫ್‌ಡೀಲಿ ಇಟ್ಟಿದೀನಿ. ಬಿ.ಕಾಂ ಆಗಿದೆ, ಜಿಎಸ್‌ಟಿ ಪ್ರಾಕ್ಟೀಷನರ್ ಪರೀಕ್ಷೆಗೆ ಓದ್ತಾ ಇದೀನಿ.

ಅಮ್ಮನ ಪಾಲಿಸಿಯ ಕಾಯುವ ಅವಧಿ ಮುಗಿಯೋದು 2027ರ ಆಗಸ್ಟ್. ನನ್ನ ನೋಟಿಸ್ ಪೀರಿಯಡ್ 90 ದಿನ. ಮೇ ಕೊನೇಲಿ ಮೇಲ್ ಕಳಿಸ್ಬೇಕು.

ಇದು ನಿರ್ಧಾರ ಆದಾಗಿನಿಂದ ಆಫೀಸಲ್ಲಿ ಏನೋ ಹಗುರ ಆಗಿದೆ. ಬಿಲ್ಲುಗಳು ಅವೇ. ಆದ್ರೆ ಈಗ ಪ್ರತಿ ತಿಂಗಳ ಸಂಬಳ ಯಾವುದಕ್ಕೆ ಹೋಗ್ತಿದೆ ಅಂತ ಗೊತ್ತು. ಮೊನ್ನೆ ಅಪ್ರೈಸಲ್‌ನಲ್ಲಿ ಮುಂದಿನ ಐದು ವರ್ಷದ ಗುರಿ ಏನು ಅಂತ ಕೇಳಿದ್ರು. "ಪ್ರಾಸೆಸ್ ಎಕ್ಸಲೆನ್ಸ್" ಅಂದೆ. ಬರ್ಕೊಂಡ್ರು.

ಎಲ್ಲಾ ಬಗೆಹರಿದಿಲ್ಲ. ಮಗಳ ಶಾಲೆ ಜೂನ್‌ನಲ್ಲಿ ಶುರುವಾಗತ್ತೆ, ನಾನು ಬಿಡೋದು ಆಗಸ್ಟ್‌ನಲ್ಲಿ. ಮೂರು ತಿಂಗಳು ಅವಳು ಅಜ್ಜಿ ಹತ್ರ ತಿಪಟೂರಲ್ಲಿ, ನಾನು ಇಲ್ಲಿ ಪಿಜಿಯಲ್ಲಿ. ಅವಳಿಗೆ ಹೇಳಿದೆ. "ಅಲ್ಲಿ ನಾಯಿ ಸಾಕಬಹುದಾ?" ಅಂತ ಕೇಳಿದಳು. ಅವರಪ್ಪ ಪೀಣ್ಯದಲ್ಲಿ ಕೆಲಸ ಮಾಡೋದು, ಈಗ ತುಮಕೂರಿನ ವಸಂತನರಸಾಪುರದ ಕಡೆ ಹುಡುಕ್ತಿದಾರೆ. ಇನ್ನೂ ಸಿಕ್ಕಿಲ್ಲ. ಸಿಗದಿದ್ರೆ ವಾರಕ್ಕೊಮ್ಮೆ ಬರ್ತೀನಿ ಅಂತಾರೆ. ಅದು ನನಗೆ ಅಷ್ಟು ಒಪ್ಪಿಗೆ ಇಲ್ಲ, ಇನ್ನೂ ಮಾತಾಡ್ಬೇಕು.

ನಿಮ್ಮ ತಾರೀಖನ್ನ ಯಾವುದು ಹಿಡಿದಿಟ್ಕೊಂಡಿದೆ? ಸಾಲನಾ, ಇನ್ಶೂರೆನ್ಸಾ, ತಮ್ಮನ ಫೀಸಾ? ಕಾಮೆಂಟಲ್ಲಿ ಬರೀರಿ, ಬೇರೆಯವರಿಗೂ ಉಪಯೋಗ. ಡಿಎಂಗೆ ಶನಿವಾರ ಉತ್ತರ ಕೊಡ್ತೀನಿ. ವಾರದ ದಿನ ಆಗಲ್ಲ, ತಿಂಗಳ ಕೊನೆ, ನೂರೈವತ್ತು ಬಿಲ್ಲಿದೆ.

#ಕೆಲಸದಮಾತು #ಕನ್ನಡಬರಹ #ರಾಜೀನಾಮೆ #ತಿಪಟೂರು